ಖಾತೆ ತೆರೆದಿಟ್ಟು ಕಾಯುವವರು

ಡಿಸೆಂಬರ್‌ನಲ್ಲಿ ವೀಸಾ ಸ್ಟ್ಯಾಂಪ್‌ಗೆಂದು ಅಮೆರಿಕದಿಂದ ಬಂದಿಳಿದ ನನಗೆ, ಅಂದರೆ ಈ ಮನೆಯ ಅಳಿಯಂದಿರಿಗೆ, ಹೋಳಿಗೆ ಊಟವಿತ್ತು. ಆಮೇಲೆ ಚಿತ್ರಾನ್ನ ಶುರುವಾಯಿತು. ಈಗ "ಗ್ಯಾಸ್‌ನವನು ಬರ್ತಾನೆ, ಹೇಗೂ ಮನೇಲೇ ಇರ್ತೀರಲ್ಲ" ಅನ್ನುವ ಮಟ್ಟಕ್ಕೆ ಬಂದಿದ್ದೇವೆ. ರಾತ್ರಿಯಿಡೀ ಕ್ಯಾಲಿಫೋರ್ನಿಯಾದ ಮೀಟಿಂಗ್ ಮುಗಿಸಿ ಬೆಳಿಗ್ಗೆ ಮಲಗಿದರೆ, ಕೆಲಸ ಹೋಯ್ತಂತೆ ಅಂತ ಮಹಡಿ ಮನೆಯವರು ಮಾತಾಡಿಕೊಳ್ಳುತ್ತಾರೆ.

ಆಗಿದ್ದಿಷ್ಟೇ. 2025ರ ಡಿಸೆಂಬರ್ 15ರಿಂದ ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಹೆಂಡತಿ/ಗಂಡ, ಮಕ್ಕಳ ವೀಸಾ) ಅರ್ಜಿದಾರರ ಸೋಷಿಯಲ್ ಮೀಡಿಯಾವನ್ನೂ ಅಮೆರಿಕ ಸರ್ಕಾರ ಓದುತ್ತದೆ. ಖಾತೆಗಳನ್ನು ಪಬ್ಲಿಕ್ ಮಾಡಿಡಬೇಕು. ಓದೋಕೆ ಟೈಮ್ ಬೇಕಲ್ಲ? ಡಿಸೆಂಬರ್‌ನ ಎಷ್ಟೋ ವೀಸಾ ಇಂಟರ್‌ವ್ಯೂಗಳು, ನನ್ನದೂ ಸೇರಿ, ಮಾರ್ಚ್‌ಗೂ ಅದರಾಚೆಗೂ ಹೋದವು. ಮೆಕ್ಸಿಕೋ, ಕೆನಡಾಕ್ಕೆ ಹೋಗಿ ಸ್ಟ್ಯಾಂಪ್ ಹಾಕಿಸಿಕೊಳ್ಳುವ ದಾರಿ ಸೆಪ್ಟೆಂಬರ್‌ನಲ್ಲೇ ಮುಚ್ಚಿತ್ತು.

ನನ್ನ ಫೇಸ್‌ಬುಕ್ ಓದಬೇಕಾದ ಅಧಿಕಾರಿಯನ್ನು ನೆನೆದರೆ ಪಾಪ ಅನಿಸುತ್ತದೆ. ದೇಶದ ಭದ್ರತೆಗೆಂದು ಕೂತವನಿಗೆ ಸಿಗುವುದು ದಾವಣಗೆರೆ ಚಿಕ್ಕಮ್ಮ ಟ್ಯಾಗ್ ಮಾಡಿದ ಗುಲಾಬಿ, ಕೆಳಗೆ ಶುಭೋದಯ. ಮುಂದೆ ಹೋದರೆ ಮತ್ತೊಂದು ಗುಲಾಬಿ. ಇದರಲ್ಲೇನೋ ಸಂಕೇತ ಇದೆ ಅಂತ ಅವನಿಗೆ ಅನಿಸದಿದ್ದರೆ ಸಾಕು. ಇನ್ನು ನಾನೇ ವರ್ಷ ವರ್ಷ ಬರೆದ "ಈ ಸಲ ಕಪ್ ನಮ್ದೇ" ಇದೆ. ಸುಳ್ಳು ಹೇಳಿಕೆ ಅಂದರೆ ಅದೇ. ಪುಣ್ಯಕ್ಕೆ 2025ರಲ್ಲಿ ಆರ್‌ಸಿಬಿ ಗೆದ್ದು ನನ್ನ ದಾಖಲೆ ಸರಿಮಾಡಿತು.

ಮನೆಯಲ್ಲೂ ಶಿಸ್ತು ಬಂದಿದೆ. ನಮ್ಮ ಮಾವನವರು ಮುಖ್ಯಮಂತ್ರಿಯಿಂದ ವಾರ್ಡ್ ಎಂಜಿನಿಯರ್‌ವರೆಗೆ ಯಾರನ್ನೂ ಬಿಟ್ಟವರಲ್ಲ. ಟೀವಿಯಲ್ಲಿ ಟ್ರಂಪ್ ಬಂದರೆ ಮಾತ್ರ ಬಾಯಿ ಮುಚ್ಚುತ್ತಾರೆ. "ಫೋನ್ ಎಲ್ಲಾ ಕೇಳಿಸ್ಕೊಳ್ಳುತ್ತಂತೆ ಕಣ್ರೀ" ಅಂತ ಮೆಲ್ಲಗೆ ಹೇಳಿ, ಫೋನ್ ಕಡೆ ತಿರುಗಿ, "ಅಮೆರಿಕ ಒಳ್ಳೆ ದೇಶ" ಅಂತ ಜೋರಾಗಿ ಸೇರಿಸುತ್ತಾರೆ.

"ಬೆಂಗಳೂರಲ್ಲೇ ಕಾನ್ಸುಲೇಟ್ ಬಂತಲ್ಲ?" ಅಂತ ಬಂದವರೆಲ್ಲ ಕೇಳುತ್ತಾರೆ. ಬಂತು ಸ್ವಾಮಿ. 2025ರ ಜನವರಿ 17ರಂದು ಹೋಟೆಲೊಂದರಲ್ಲಿ ಉದ್ಘಾಟನೆಯೂ ಆಯಿತು. ವೀಸಾ ಕೊಡುವ ವ್ಯವಸ್ಥೆ ಮಾತ್ರ ಅದರ ಜೊತೆಗೆ ಬರಲಿಲ್ಲ. ಅದಕ್ಕೆ ಚೆನ್ನೈಗೋ ಹೈದರಾಬಾದಿಗೋ ಬಸ್ ಹತ್ತಬೇಕು.

ಹೈದರಾಬಾದ್ ಅಂದಕೂಡಲೇ ಅತ್ತೆಗೆ ಚಿಲ್ಕೂರು ಬಾಲಾಜಿ ನೆನಪಾದ. ವೀಸಾ ದೇವರು. 11 ಸುತ್ತು ಹಾಕಿ ಬೇಡಿಕೊಳ್ಳಬೇಕು, ವೀಸಾ ಬಂದರೆ 108. ಸ್ಲಾಟ್ ಬೇಡ, ಹುಂಡಿಯೂ ಇಲ್ಲ, ಹಳೇ ಪೋಸ್ಟ್ ತೆಗೆದು ನೋಡುವವರೂ ಇಲ್ಲ. ಹೋಗಿ ಸುತ್ತು ಹಾಕಿ ಬಂದೆವು. ಅಲ್ಲಿ ತೆಗೆಸಿಕೊಂಡ ಫೋಟೋವನ್ನು ಮಾವ ನನ್ನನ್ನೂ ಟ್ಯಾಗ್ ಮಾಡಿ ಹಾಕಿಬಿಟ್ಟಿದ್ದಾರೆ. ಕೆಳಗೆ "ಅಳಿಯಂದಿರ ವೀಸಾ ಪಕ್ಕಾ ಮಾಡಿಸಿದೆವು" ಅಂತ ಬೇರೆ ಬರೆದಿದ್ದಾರೆ. ಇದು ಶಿಫಾರಸು ಅನಿಸಿಕೊಳ್ಳುತ್ತದೋ, ಅರ್ಜಿಯಲ್ಲಿ ತಿಳಿಸಬೇಕೋ ಅಂತ ಲಾಯರಿಗೆ ಮೇಲ್ ಹಾಕಿದ್ದೇನೆ.