"ಕೆಲವು ವಿಶ್ವಾಸಿಗಳು" ಅಂದರೆ ಯಾರು?

ಮುಂಬೈಯ ನಮ್ಮ ಕನ್ನಡ ಬ್ಯಾಪ್ಟಿಸ್ಟ್ ಸಭೆಯ (ಚರ್ಚಿನ) ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತಯಾರಾಗುತ್ತಿದೆ. ಕರಡು ಓದಿದೆ. ಅತಿಥಿಗಳ ಸಂದೇಶ ಇದೆ, ಸಭಾಪಾಲಕರ ಫೋಟೋಗಳಿವೆ, ಕಟ್ಟಡ ನಿಧಿಯ ಲೆಕ್ಕವೂ ಇದೆ. ಸಭೆ ಶುರು ಮಾಡಿದವರ ಬಗ್ಗೆ ಮಾತ್ರ "ಕೆಲವು ವಿಶ್ವಾಸಿಗಳು ಸೇರಿ" ಅಂತ ಒಂದೇ ಸಾಲು. ಇದು ಸರಿಯಲ್ಲ.

ನಮ್ಮಲ್ಲಿ ಆ ಕೆಲವರೇ ಸಭೆ ಅಲ್ವಾ? ಬ್ಯಾಪ್ಟಿಸ್ಟರಿಗೆ ಮೇಲೆ ಬಿಷಪ್ ಇಲ್ಲ. ತಾವಾಗಿಯೇ ನಂಬಿ, ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರು ಒಟ್ಟಾಗಿ ಕೂತು ಒಡಂಬಡಿಕೆ ಮಾಡಿಕೊಂಡರೆ ಅಲ್ಲಿ ಸಭೆ ಹುಟ್ಟಿತು. ಪಾಲಕರನ್ನು ಕರೆಸಿಕೊಳ್ಳುವವರೂ ಅವರೇ. ನಮ್ಮ ಚರಿತ್ರೆಯನ್ನು ಬೇರೆ ಯಾವ ಆಫೀಸೂ ಕಾಪಾಡಿ ಇಟ್ಟಿರುವುದಿಲ್ಲ. ನಮ್ಮ ರಿಜಿಸ್ಟರು, ನಮ್ಮ ಮಿನಿಟ್ಸ್ ಪುಸ್ತಕ ಹೋದರೆ ಹೋಯಿತು.

ಬಂಗಾಳದ ಸೆರಾಂಪುರದಲ್ಲಿದ್ದ ಬ್ಯಾಪ್ಟಿಸ್ಟ್ ಮಿಷನರಿಗಳನ್ನು ನೋಡಿ. ಅವರಲ್ಲೊಬ್ಬರಾದ ಇಂಗ್ಲೆಂಡಿನ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಏಳು ವರ್ಷ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನಕ್ಕೆ ಮುಂದೆ ಬರಲಿಲ್ಲ. ಆಮೇಲೆ ಕೃಷ್ಣ ಪಾಲ್ ಅನ್ನುವ ಬಡಗಿಯ ತೋಳಿನ ಕೀಲು ತಪ್ಪಿತು. ಮಿಷನ್ನಿನ ಡಾಕ್ಟರ್ ಜಾನ್ ಥಾಮಸ್ ಅದನ್ನು ಕೂರಿಸಿದರು. ಪರಿಚಯ ಹೀಗೆ ಬೆಳೆಯಿತು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೇರಿಯವರು ಕೃಷ್ಣ ಪಾಲ್‌ಗೆ ದೀಕ್ಷಾಸ್ನಾನ ಕೊಟ್ಟರು. ಅದೇ ದಿನ ತಮ್ಮ ಮಗ ಫೆಲಿಕ್ಸ್‌ಗೂ ಕೊಟ್ಟರು. ಇನ್ನೂರು ವರ್ಷ ದಾಟಿದರೂ ಒಬ್ಬ ಬಡಗಿಯ ಹೆಸರು ನಮಗೆ ಗೊತ್ತು. ಯಾಕೆ? ಆ ಮಿಷನರಿಗಳು ಕೂತು ಬರೆದಿಟ್ಟರು. (ಇದೇ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲೇ ಅಚ್ಚಾಯಿತು. ನಮ್ಮ ಮಕ್ಕಳಿಗೆ ಇದನ್ನೂ ಹೇಳಬೇಕು.)

ನಮ್ಮ ಮುಂಬೈಗೂ ಆ ಕಾಲದ ಕಥೆಯೊಂದು ತಗಲಿಕೊಂಡಿದೆ. 1812ರಲ್ಲಿ ಅಮೆರಿಕದಿಂದ ಹೊರಟ ಮಿಷನರಿಗಳಲ್ಲಿ ಅಡೋನಿರಾಮ್ ಜಡ್ಸನ್ ಹಡಗಿನಲ್ಲೇ ದೀಕ್ಷಾಸ್ನಾನದ ವಿಷಯ ಓದುತ್ತಾ, ಅದನ್ನು ಶಿಶುಗಳಿಗಲ್ಲ, ನಂಬಿದವರಿಗೇ ಕೊಡಬೇಕು ಅಂತ ಮನಸ್ಸು ಬದಲಾಯಿಸಿದರು. ಕೋಲ್ಕತ್ತಾದಲ್ಲಿ ಮುಳುಗಿ ಬ್ಯಾಪ್ಟಿಸ್ಟ್ ಆದರು, ಬರ್ಮಾಕ್ಕೆ ಹೋದರು. ಮನಸ್ಸು ಬದಲಾಯಿಸದ ಗಾರ್ಡನ್ ಹಾಲ್, ಸ್ಯಾಮ್ಯುಯೆಲ್ ನಾಟ್ 1813ರಲ್ಲಿ ಮುಂಬೈಗೆ ಬಂದರು. ಕಂಪನಿ ಸರ್ಕಾರ ಅವರನ್ನು ವಾಪಸು ಕಳಿಸಲು ನೋಡಿತು. ಅವರು ಪಟ್ಟುಹಿಡಿದು ನಿಂತರು. ಅಮೆರಿಕನ್ ಮರಾಠಿ ಮಿಷನ್ ಬೆಳೆದದ್ದು ಹೀಗೆ. ಇದೆಲ್ಲ ಪುಸ್ತಕಗಳಲ್ಲಿದೆ.

ಪುಸ್ತಕದಲ್ಲಿ ಇಲ್ಲದಿರುವುದು ನಮ್ಮವರ ಕಥೆ. ಕಲಬುರ್ಗಿ ಕಡೆಯಿಂದ ಕೂಲಿಗೆ ಬಂದವರು ಚಾಳಿನ ಖೋಲಿಯಲ್ಲಿ, ಪಾತ್ರೆ ಬದಿಗೆ ಸರಿಸಿ, ಚಾಪೆ ಹಾಸಿ ಆರಾಧನೆ ಮಾಡಿದರು. ಸ್ವಂತ ತೊಟ್ಟಿ ಇಲ್ಲದೆ ಬೇರೆ ಸಭೆಯವರ ತೊಟ್ಟಿ ಕೇಳಿ ದೀಕ್ಷಾಸ್ನಾನ ಮಾಡಿಸಿದರು. ಕಾಣಿಕೆ ಡಬ್ಬಿ ಒಬ್ಬ ಅಕ್ಕನ ಮನೆಯಲ್ಲಿತ್ತು. ಬಾಡಿಗೆ ಕಟ್ಟಲು ಆಕೆ ತನ್ನ ಬಳೆ ಒತ್ತೆ ಇಟ್ಟದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಕರಡಿನಲ್ಲಿ ಆಕೆಯ ಹೆಸರಿಲ್ಲ. ಹೆಂಗಸರ ಹೆಸರೇ ಇಲ್ಲ!

ಜಗಳಗಳೂ ಬರಲಿ. ಒಂದು ಗುಂಪು ಬಿಟ್ಟುಹೋದದ್ದನ್ನು ಮುಚ್ಚಿಟ್ಟರೆ ಉಳಿದವರ ತಾಳ್ಮೆಯೂ ಕಾಣೋದಿಲ್ಲ.

ಸಂಚಿಕೆ ಒಂದು ತಿಂಗಳು ತಡವಾದರೂ ಪರವಾಗಿಲ್ಲ. ಅತಿಥಿಗಳ ಸಂದೇಶ ಕಡಿಮೆ ಮಾಡಿ. ಯುವಕರು ಹಿರಿಯರ ಮನೆಗೆ ಹೋಗಿ, ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಮೊದಲು ಆ ಬಳೆ ಅಕ್ಕನ ಮನೆಗೆ ಹೋಗಿ. ಅವರಿಗೆ ಈಗ ವಯಸ್ಸು ಜಾಸ್ತಿಯಾಗಿದೆ.