ಫೋಕಸ್ ಲೈಟು ಆರಿಸಿ, ಹಣತೆ ಕಾಣಲಿ

ಡಿಸೆಂಬರ್‌ನ ಅರಿಜೋನಾ ಫೋಟೋಗ್ರಾಫರ್‌ಗಳನ್ನು ಸೋಮಾರಿ ಮಾಡುತ್ತದೆ. ಫೀನಿಕ್ಸ್‌ನಲ್ಲಿ (ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿ) ಡಿಸೆಂಬರ್ 21ರ ನಡುಮಧ್ಯಾಹ್ನಕ್ಕೂ ಸೂರ್ಯ ಸುಮಾರು 33 ಡಿಗ್ರಿಗಿಂತ ಮೇಲೇರುವುದಿಲ್ಲ. ದಿನವಿಡೀ ಬೆಳಕು ಓರೆಯಾಗಿ ಬಿದ್ದು, ಸಗ್ವಾರೊ ಕಳ್ಳಿಯ ಒಂದೊಂದು ಏಣೂ ಎದ್ದು ಕಾಣುತ್ತದೆ. ಶಿವಮೊಗ್ಗದಲ್ಲಿ ಅದೇ ದಿನ ಸೂರ್ಯ 53 ಡಿಗ್ರಿಯ ಹತ್ತಿರ ಏರುತ್ತಾನೆ. ಹನ್ನೊಂದು ದಾಟಿದರೆ ಮುಖದ ಮೇಲೆ ಕಣ್ಣುಗುಳಿ ಕಪ್ಪಾಗಲು ಶುರು.

ಹಾಗಂತ ಮಲೆನಾಡಿನ ಚಳಿಗಾಲದ ಬೆಳಕು ಕಡಿಮೆಯದೇನಲ್ಲ, ಅದರ ಜಾತಿಯೇ ಬೇರೆ. ಮರುಭೂಮಿಯ ಒಣಗಾಳಿಯಲ್ಲಿ ಬೆಳಕು ವಸ್ತುವಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಗಾಳಿಯ ಮೇಲೇ ಬೀಳುತ್ತದೆ. ಅಡಿಕೆ ತೋಟದೊಳಗಿನ ಮಂಜು, ಅಂಗಳದಲ್ಲಿ ಅಡಿಕೆ ಬೇಯುವ ಹಂಡೆಯ ಹಬೆ, ಒಲೆಯ ಹೊಗೆ ಎಲ್ಲಕ್ಕೂ ಬೆಳಕು ಕ್ಯಾಮೆರಾದ ಎದುರಿನಿಂದ ಬರಬೇಕು. ಹಬೆಯ ಹಿಂದೆ ಕಪ್ಪು ಮರವೋ ಗೋಡೆಯ ನೆರಳೋ ಇಲ್ಲದಿದ್ದರೆ ಹಬೆ ಇದ್ದೂ ಇಲ್ಲದಂತೆ. ಬರೀ ಮಂಜನ್ನು ಕ್ಯಾಮೆರಾದ ಮೀಟರ್ ಬೂದು ಮಾಡುತ್ತದೆ, ಹಾಗಾಗಿ ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಇಳಿದರೆ ಅರ್ಧ) ಏರಿಸಿ. ಸೋಗೆಗಳ ನಡುವಿಂದ ಕೋಲುಬಿಸಿಲು ಇಳಿಯುವಾಗ ಮಾತ್ರ ಒಂದು ಸ್ಟಾಪ್ ಇಳಿಸಿ.

ಉಪಕರಣ ಕೆಡುವ ರೀತಿಯೂ ಬೇರೆ. ಅಲ್ಲಿನ ಶತ್ರು ಧೂಳು. ಬಯಲಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಕೂತ ಕಣ ಎಫ್/16ರಲ್ಲಿ, ಅಂದರೆ ಲೆನ್ಸ್ ಕಿಂಡಿ ತೀರ ಕಿರಿದಾದಾಗ, ನೀಲಿ ಆಕಾಶಕ್ಕೆ ಮಚ್ಚೆಯಾಗುತ್ತದೆ. ಅದಕ್ಕೆ ರಬ್ಬರ್ ಬ್ಲೋವರ್ ಬೇಕು. ಬಾಯಿಂದ ಊದಿದರೆ ಉಗುಳಿನ ಹನಿ ಅಂಟುತ್ತದೆ. ಇಲ್ಲಿನ ಶತ್ರು ತೇವ. ಇಬ್ಬನಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ನೇರ ಅಡಿಕೆ ಒಲೆಯ ಬಳಿ ತೆರೆದರೆ ಗಾಜು ಬೆವರುತ್ತದೆ. ಜಿಪ್ ಕವರಿನಲ್ಲಿ ಮುಚ್ಚಿಟ್ಟು ಇಪ್ಪತ್ತು ನಿಮಿಷ ಕಾಯಿರಿ. ಮನೆಯಲ್ಲಿ ಲೆನ್ಸುಗಳನ್ನು ಶೇಕಡ 40ರಿಂದ 50ರ ತೇವಾಂಶದ ಡಬ್ಬಿಯಲ್ಲಿಡಿ. ಬಟ್ಟೆ ಬೀರುವಿನಲ್ಲಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೂಷ್ಟು ಬಂದಿರುತ್ತದೆ.

ದೀಪಾಲಂಕಾರದ ಚಿತ್ರಕ್ಕೆ ಸರಿಯಾದ ಹೊತ್ತು ಕತ್ತಲಲ್ಲ, ಮುಸ್ಸಂಜೆ. ಫೀನಿಕ್ಸ್‌ನಲ್ಲಿ ಆಗ ಸೂರ್ಯಾಸ್ತ ಸುಮಾರು 5.24ಕ್ಕೆ, ಶಿವಮೊಗ್ಗದಲ್ಲಿ 6.05ಕ್ಕೆ. ಅಲ್ಲಿ ಮುಸ್ಸಂಜೆ 27 ನಿಮಿಷದಷ್ಟು ನಿಂತರೆ ಇಲ್ಲಿ 23ರ ಆಸುಪಾಸಿಗೇ ಮುಗಿಯುತ್ತದೆ, ನಮ್ಮ ಸೂರ್ಯ ಹೆಚ್ಚು ನೆಟ್ಟಗೆ ಇಳಿಯುವುದರಿಂದ. ಅಂದರೆ 6.15ಕ್ಕೆಲ್ಲ ಟ್ರೈಪಾಡ್ ಸಿದ್ಧವಿರಬೇಕು. ಐಎಸ್‌ಒ (ಸೆನ್ಸರ್ ಬೆಳಕಿಗೆ ತೋರುವ ಸೂಕ್ಷ್ಮತೆ) 100, ಎಫ್/8, 2ರಿಂದ 8 ಸೆಕೆಂಡ್, ನಡುಕ ತಡೆಯುವ ಸ್ಟೆಬಿಲೈಸರ್ ಆಫ್. ಲೆನ್ಸ್ ಮುಂದಿನ ಯುವಿ ಫಿಲ್ಟರನ್ನು ಬಿಚ್ಚಿ, ಇಲ್ಲವಾದರೆ ಪ್ರತಿ ಬಲ್ಬಿಗೂ ಒಂದು ಹಸಿರು ದೆವ್ವ ಹುಟ್ಟುತ್ತದೆ. ನೀಲಿ ಎಲ್‌ಇಡಿ ಇದ್ದರೆ ಹಿಸ್ಟೋಗ್ರಾಮ್‌ನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೀಲಿ ಗೆರೆಯನ್ನು ಬೇರೆಯಾಗಿ ನೋಡಿ, ಮೊದಲು ಸುಟ್ಟುಹೋಗುವುದು ಅದೇ.

ಅಮೆರಿಕದಿಂದ ರಜೆಗೆ ಬಂದವರು ಎಡವುವುದು ಶಟರ್‌ನಲ್ಲಿ. ಅಲ್ಲಿ ವಿದ್ಯುತ್ 60 ಹರ್ಟ್ಜ್, ದೀಪ ಸೆಕೆಂಡಿಗೆ 120 ಸಲ ಮಿಡಿಯುತ್ತದೆ. ಶಟರ್ 1/60 ಸೆಕೆಂಡ್ ಇಟ್ಟರೆ ಚಿತ್ರ ಸಮ. ಇಲ್ಲಿ 50 ಹರ್ಟ್ಜ್. ಅದೇ 1/60ರಲ್ಲಿ ಸೀರಿಯಲ್ ಸೆಟ್ ಹಿಡಿದರೆ ಒಂದು ಫ್ರೇಮ್ ಬೆಳಗಿ ಇನ್ನೊಂದು ಮಂಕಾಗುತ್ತದೆ, ಅಡ್ಡಪಟ್ಟಿಯೂ ಬಂದೀತು. 1/50 ಅಥವಾ 1/25ಕ್ಕೆ ತಿರುಗಿಸಿ, ಸೈಲೆಂಟ್ ಶಟರ್ ಬಳಸಬೇಡಿ.

ಎಣ್ಣೆ ದೀಪಕ್ಕೆ ಈ ರಗಳೆ ಇಲ್ಲ. ಹಣತೆಯ ಬೆಳಕಲ್ಲಿ ಮುಖ ತೆಗೆಯಲು ಐಎಸ್‌ಒ 3200, ಎಫ್/2, 1/30 ಸಾಕು. ಬೆಳಕಿನ ಬಣ್ಣ ತಿದ್ದುವ ವೈಟ್ ಬ್ಯಾಲೆನ್ಸ್‌ನಲ್ಲಿ ಆಟೋ ಬಿಟ್ಟು 3000 ಕೆಲ್ವಿನ್ ಆಸುಪಾಸಿಗೆ ಕಟ್ಟಿ. ಜ್ವಾಲೆಯ ಬಣ್ಣ 1900ರ ಹತ್ತಿರದ್ದು, ಪೂರ್ತಿ ತಿದ್ದಿದರೆ ಹಬ್ಬ ಹೋಗಿ ಟ್ಯೂಬ್‌ಲೈಟು ಉಳಿಯುತ್ತದೆ.

ನನ್ನ ತಕರಾರು ಇರುವುದೂ ಇಲ್ಲೇ. ಫೀನಿಕ್ಸ್‌ನ ಡೆಸರ್ಟ್ ಬೊಟಾನಿಕಲ್ ಗಾರ್ಡನ್‌ನಲ್ಲಿ ಡಿಸೆಂಬರ್ ರಾತ್ರಿಗಳಲ್ಲಿ ಲುಮಿನಾರಿಯಾ ಸಾಲುಗಳನ್ನು ಇಡುತ್ತಾರೆ. ಮೂಲದಲ್ಲಿ ಅದು ತಳಕ್ಕೆ ಮರಳು ಹಾಕಿ ಒಳಗೆ ಮೇಣದಬತ್ತಿ ನಿಲ್ಲಿಸಿದ ಕಾಗದದ ಚೀಲ, ಅಷ್ಟೇ. ಅಂಥ ಬಡ ದೀಪ ಚಂದ ಕಾಣುವುದು ಸುತ್ತ ಕತ್ತಲಿದ್ದರೆ ಮಾತ್ರ. ಕತ್ತಲನ್ನು ಕಾಯುವ ಅಭ್ಯಾಸ ಆ ರಾಜ್ಯಕ್ಕೆ ಹಳೆಯದು. ಖಗೋಳ ವೀಕ್ಷಣಾಲಯಗಳಿಗಾಗಿ ಫ್ಲಾಗ್‌ಸ್ಟಾಫ್ 1958ರಲ್ಲೇ, ಟೂಸಾನ್ 1972ರಲ್ಲಿ ಹೊರದೀಪಗಳಿಗೆ ನಿಯಮ ಮಾಡಿದವು. ನಾವು ಕಾರ್ತಿಕ ದೀಪೋತ್ಸವಕ್ಕೆ ಸಾವಿರ ಹಣತೆ ಹಚ್ಚಿ, ಅದರ ನೆತ್ತಿಗೆ ಎಲ್‌ಇಡಿ ಫೋಕಸ್ ಲೈಟು ಕಟ್ಟುತ್ತೇವೆ. ಫೋಕಸ್ ಬಿದ್ದ ಗೋಡೆ ಹಣತೆ ಬೆಳಗಿದ ನೆಲಕ್ಕಿಂತ ಮೂರ್ನಾಲ್ಕು ಸ್ಟಾಪ್ ಹೆಚ್ಚು. ಗೋಡೆಗೆ ಎಕ್ಸ್‌ಪೋಸ್ ಮಾಡಿದರೆ ಹಣತೆ ಬರೀ ಚುಕ್ಕಿ. ಬತ್ತಿ ಹೊಸೆದವರ ಶ್ರಮ ಯಾರ ಫೋಟೋದಲ್ಲೂ ಇರುವುದಿಲ್ಲ.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವದಲ್ಲಿ ಚಂದ್ರನ ಬೆಳಕೂ ಇಲ್ಲವೆನ್ನುವಷ್ಟು ಕಡಿಮೆ, ಹೊಳೆ ನೀರು ಕಪ್ಪು ಕನ್ನಡಿ. ತೆಪ್ಪ ಚಲಿಸುವುದರಿಂದ ದೀರ್ಘ ಎಕ್ಸ್‌ಪೋಶರ್ ಕೆಲಸಕ್ಕೆ ಬಾರದು. ಐಎಸ್‌ಒ 3200, ಎಫ್/2.8, 1/25. ಸೇತುವೆಯ ಮೇಲೆ ಟ್ರೈಪಾಡ್ ಬೇಡ, ಜನ ನಡೆದಾಡಿದ ನಡುಕ ಕಾಲುಗಳಲ್ಲಿ ಏರುತ್ತದೆ. ದಡದ ಬಂಡೆಯೇ ಗಟ್ಟಿ, ಪ್ರತಿಬಿಂಬವೂ ಅಲ್ಲಿಂದ ಉದ್ದ ಸಿಗುತ್ತದೆ. ದೀಪೋತ್ಸವದ ಸಮಿತಿಯವರಲ್ಲಿ ಕೇಳುವುದಿಷ್ಟೇ: 6.15ರಿಂದ ಅರ್ಧ ಗಂಟೆ ಫೋಕಸ್ ಲೈಟಿನ ಸ್ವಿಚ್ ಆರಿಸಿ. ಮೆಟ್ಟಿಲ ಮೇಲೆ ಕಾಲು ಜಾರದಂತೆ ನೆಲಮಟ್ಟದ ಒಂದೆರಡು ಹಳದಿ ಬಲ್ಬು ಇದ್ದರೆ ಅಡ್ಡಿಯಿಲ್ಲ.