ಗೊಬ್ಬರ ಗುಂಡಿಯಲ್ಲಿ ಕಸ ಹಾಕಬಾರದು

ಮಂಗಳೂರಿನ ಯಾವ ಕಾಲೇಜು ಅಂತ ಕೇಳಬೇಡಿ. ಒಂದರ ಹೆಸರು ಹೇಳಿದರೆ ಉಳಿದವಕ್ಕೆ ಬೇಸರವಾದೀತು.

ಆ ಕಾಲೇಜು ಈ ವರ್ಷ ಹಸಿರಾಗಲೇಬೇಕು. ಯಾಕೆಂದರೆ ಕಾಲೇಜುಗಳನ್ನು ಅಳೆದು ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ. ನ್ಯಾಕ್‌ನ ಏಳನೇ ಮಾನದಂಡದಲ್ಲಿ ಪರಿಸರಕ್ಕೂ ಅಂಕ ಉಂಟು. ಒಳಗೆ ವಾಹನಗಳಿಗೆ ಕಡಿವಾಣ ಇದೆಯಾ, ಸೈಕಲ್ ಬಳಸುತ್ತೀರಾ, ಪ್ಲಾಸ್ಟಿಕ್ ನಿಷೇಧಿಸಿದ್ದೀರಾ, ಗಿಡಮರ ಇವೆಯಾ ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಜೊತೆಗೆ ಜಿಯೋಟ್ಯಾಗ್ ಇರುವ, ಅಂದರೆ ತೆಗೆದ ಜಾಗದ ಗುರುತು ಇರುವ ಫೋಟೊ ಕೊಡಿ ಅಂತಾರೆ. ಅಲ್ಲಿಗೆ ಎಲ್ಲ ಸುಲಭವಾಯಿತು. ಕೇಳಿದ್ದು ಫೋಟೊ ತಾನೇ?

ಮಂಗಳೂರಿನ ಏರು ರಸ್ತೆಗಳಲ್ಲಿ ಸೈಕಲ್ ತುಳಿದು ಬಂದರೆ ಮೊದಲ ಪಿರಿಯಡ್ ಬಿಡಿ, ಮಧ್ಯಾಹ್ನದ ಊಟಕ್ಕೆ ತಲುಪಿದರೆ ಪುಣ್ಯ. ಹಾಗಾಗಿ ಇಡೀ ಕ್ಯಾಂಪಸ್ಸಿಗೆ ಒಂದೇ ಸೈಕಲ್, ವಾಚ್‌ಮನ್ ಅವರದ್ದು. ಅದು ಲೈಬ್ರರಿ ಮುಂದೆ ನಿಂತಿತು, ಲ್ಯಾಬ್ ಮುಂದೆ ನಿಂತಿತು, ಹಾಸ್ಟೆಲ್ ಮುಂದೆಯೂ ನಿಂತಿತು. ಪ್ರತಿ ಸಲವೂ ಸೀಟಿನ ಮೇಲೆ ಬೇರೆ ಬೇರೆ ವಿದ್ಯಾರ್ಥಿ. ವಾಚ್‌ಮನ್ ಅಂದು ಬಸ್ಸಲ್ಲಿ ಮನೆಗೆ ಹೋದರು. ಇನ್ನೊಂದು ದಿನ ವಾಹನರಹಿತ ದಿನ. ಗೇಟು ಹಾಕಿದರು. ಕಾರುಗಳೆಲ್ಲ ಹೊರಗೆ ರಸ್ತೆಯ ಎರಡೂ ಬದಿ ನಿಂತವು. ಕ್ಯಾಂಪಸ್ಸಿನೊಳಗೆ ಹೊಗೆ ಇಲ್ಲ. ಹೊರಗೆ ಸಿಟಿ ಬಸ್ಸು ಅಲ್ಲಾಡಲಿಲ್ಲ.

ಸಮಾಜಸೇವೆ ಅಂದರೆ ನಮ್ಮಲ್ಲಿ ಬೀಚ್ ಕ್ಲೀನಿಂಗ್. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಮಳೆಗಾಲದಲ್ಲಿ ಊರ ಕಸವನ್ನು ಕಡಲಿಗೆ ಮುಟ್ಟಿಸುತ್ತವೆ, ಕಡಲು ಅದನ್ನು ಮರ್ಯಾದೆಯಿಂದ ದಡಕ್ಕೆ ವಾಪಸ್ ಕೊಡುತ್ತದೆ. ಹೆಕ್ಕಲು ಕಸಕ್ಕೇನೂ ಬರ ಇಲ್ಲ. ಆದರೂ ಪಣಂಬೂರಿಗೆ ಹೊರಟ ನಮ್ಮ ಬಸ್ಸಿನಲ್ಲಿ ದೊಡ್ಡದೊಂದು ಫ್ಲೆಕ್ಸ್, ಒಂದೊಂದಾಗಿ ಪ್ಲಾಸ್ಟಿಕ್ ಸುತ್ತಿದ ಟೀಶರ್ಟು, ಗ್ಲೌಸು, ತಲೆಗೊಂದು ನೀರಿನ ಬಾಟಲಿ, ತಿಂಡಿಗೆ ಥರ್ಮೋಕೋಲ್ ತಟ್ಟೆ. ಅಡಿಕೆ ತೋಟಗಳ ಜಿಲ್ಲೆ ಇದು, ಹಾಳೆ ತಟ್ಟೆ ಬೇಕಾದಷ್ಟು ಸಿಗುತ್ತದೆ. ಸೀಯಾಳವೂ ಸಿಗುತ್ತದೆ. ಆದರೆ ಅದರ ಚಿಪ್ಪನ್ನು ಎಲ್ಲಿ ಬಿಸಾಡುವುದು ಅಂತ ಸಮಿತಿಯಲ್ಲಿ ಗಂಭೀರ ಚರ್ಚೆಯಾಗಿ, ಬಾಟಲಿಯೇ ಆಗಬಹುದು ಅಂತ ತೀರ್ಮಾನವಾಯಿತು. 2022ರ ಜುಲೈ 1ರಿಂದ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಲ್ಲೇ ನಿಷೇಧ ಉಂಟಲ್ಲ? ಉಂಟು. ಅದರ ಮೇಲೆ ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆಯೂ ಆಗಿತ್ತು. ಮೊದಲ ಬಹುಮಾನ ಗೆದ್ದವಳೇ ಅಂದು ತಟ್ಟೆ ಹಂಚಿದಳು.

ಅತಿಥಿಗಳ ಭಾಷಣ ಮುಗಿಯುವಾಗ ಬಿಸಿಲೇರಿತ್ತು. ಉಳಿದ ಹೊತ್ತಿನಲ್ಲಿ ಮಕ್ಕಳು ಹೆಕ್ಕಿದ್ದು ಹೆಚ್ಚಿನಂಶ ತಾವೇ ತಂದದ್ದನ್ನು.

ಇವೆಲ್ಲ ಕೊನೆಗೆ ಹೋಗುವುದು ಊರ ಕಸ ಸುರಿಯುವ ಪಚ್ಚನಾಡಿಗೆ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡವೇ ಜಾರಿ ಪಕ್ಕದ ಮಂದಾರ ಎಂಬ ಊರಿನ ತೆಂಗು, ಅಡಿಕೆ ತೋಟಗಳ ಮೇಲೆ ಬಂತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಅದು ಯಾರ ಮನೆಯ, ಯಾವ ಕ್ಯಾಂಟೀನಿನ ಕಸ ಅಂತ ಮಕ್ಕಳಿಗೆ ತೋರಿಸುವುದಕ್ಕೆ ಅದಕ್ಕಿಂತ ಒಳ್ಳೆ ಪಾಠ ಬೇಕಾ? ಆದರೆ ನಮ್ಮ ಕಾಲೇಜಿನ ಬಸ್ಸು ಅತ್ತ ತಿರುಗಲಿಲ್ಲ. ಬ್ಯಾಕ್‌ಗ್ರೌಂಡ್ ಚೆನ್ನಾಗಿ ಬರುವುದಿಲ್ಲ, ನೋಡಿ.

ಕ್ಯಾಂಪಸ್ಸಿನಲ್ಲೇ ಒಂದು ಗೊಬ್ಬರ ಗುಂಡಿ ಇದೆ. ಮುರಕಲ್ಲು ಕಡಿದು ಮಾಡಿದ್ದು, ಅಂಚಿಗೆ ಹಸಿರು ಬಣ್ಣ, ಚಂದದ ಬೋರ್ಡು. ಉದ್ಘಾಟನೆಯಾದಾಗಿನಿಂದ ಒಳಗೆ ಒಂದು ಎಲೆ ಬಿದ್ದಿಲ್ಲ. ನ್ಯಾಕ್‌ನವರು ಬಂದು ಹೋಗುವವರೆಗೆ ಗುಂಡಿಯಲ್ಲಿ ಕಸ ಹಾಕಬಾರದು ಅಂತ ಆದೇಶ. ಗಲೀಜಾಗುತ್ತದೆ ಅಲ್ವಾ?

ಕ್ಯಾಂಟೀನಿನಲ್ಲಿ ದಿನಾ ಬನ್ಸ್ ಮಾಡುತ್ತಾರೆ, ಬಾಳೆಹಣ್ಣಿನ ಸಿಪ್ಪೆಗೆ ಕೊರತೆ ಇಲ್ಲ. ಬಿಎಸ್ಸಿಯ ಹುಡುಗನೊಬ್ಬ ಯಾರನ್ನೂ ಕೇಳದೆ ಎರಡು ಬಕೆಟ್ ಸಿಪ್ಪೆ ತಂದು ಗುಂಡಿಗೆ ಹಾಕಿ, ಮೇಲೆ ಒಣಗಿದ ತರಗೆಲೆ ಮುಚ್ಚಿದ. ಆಮೇಲೆ ಎನ್ಎಸ್ಎಸ್ ಅಧಿಕಾರಿಯ ಹತ್ತಿರ ಹೋದ. ಎನ್ಎಸ್ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ತುಂಬಿಸಬೇಕಲ್ಲ.

"ಸರ್, ಇದನ್ನು ನನ್ನ ಗಂಟೆಗೆ ಸೇರಿಸುತ್ತೀರಾ?"

"ಫೋಟೊ ಉಂಟಾ?"

"ಇಲ್ಲ ಸರ್. ಎರಡೂ ಕೈಯಲ್ಲಿ ಬಕೆಟ್ ಇತ್ತು."

"ಎಂತ ಮಾರಾಯ ನೀನು! ಮೊದಲು ಆ ಸಿಪ್ಪೆ ತೆಗೆಸು. ಬಕೆಟ್ ತೊಳೆದು ತಾ. ನಾಳೆ ಪ್ರಿನ್ಸಿಪಾಲರನ್ನು ಕರೆದು ಸರಿಯಾಗಿ ಮಾಡುವ."

ಮರುದಿನದ ಫೋಟೊ ಭಾರೀ ಲಾಯಕ್ಕಾಗಿ ಬಂದಿದೆ. ಗುಂಡಿ, ಬೋರ್ಡು, ಹೊಳೆಯುವ ಬಕೆಟ್, ಪ್ರಿನ್ಸಿಪಾಲರು, ಅವರ ಹಿಂದೆ ಟೀಶರ್ಟು ಹಾಕಿದ ಒಂದು ಸಾಲು ಮಕ್ಕಳು. ಕೆಳಗೆ ಅಕ್ಷಾಂಶ, ರೇಖಾಂಶ, ಸಮಯ ಎಲ್ಲ ಸ್ಪಷ್ಟ. ಸಾಲಿನಲ್ಲಿದ್ದ ಅಷ್ಟೂ ಮಂದಿಗೆ ನಾಲ್ಕು ನಾಲ್ಕು ಗಂಟೆ ಬರೆದಾಯಿತು. ಆ ಹುಡುಗನಿಗೆ ಮಾತ್ರ ಸಿಗಲಿಲ್ಲ. ಫೋಟೊದಲ್ಲಿ ಅವನಿಲ್ಲ. ಫೋಟೊ ತೆಗೆದದ್ದು ಅವನೇ.